ಸೀಮೋಲ್ಲಂಘನ

ಪ್ರತಿವರ್ಷ ವಿಜಯದಶಮಿಯ ಸಾಯಂಕಾಲ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜನರು ಪಲ್ಲಕ್ಕಿಯೊಡನೆ ಊರ ಎಲ್ಲೆಯನ್ನು ದಾಟಿ ಹೋಗುವರು. ಬನ್ನಿಯ ಮರಕ್ಕೆ ಪೂಜೆ ಸಲ್ಲಿಸಿ, ಅದರ ಎಲೆಗಳನ್ನು ತಂದು ಹಿರಿಯರ ಕೈಗಿತ್ತು, 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಎಂದು ನಮಸ್ಕರಿಸುವರು. ಗಡಿಯಾಚೆಯ ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರ ಜಿಲ್ಲೆಗಳಲ್ಲಿಯೂ ಅದೇ ಸಂಜೆ ಇದೇ ಆಚರಣೆ ನಡೆಯುವುದು. ಅಲ್ಲಿಯವರು ಆಪಟಾ ಮರದ ಎಲೆಯನ್ನು ಕೊಟ್ಟು 'ಸೋನಂ ಘ್ಯಾ, ಸೋನ್ಯಾಸಾರಖಂ ರಾಹಾ' ಎನ್ನುವರು. ಮರ ಬೇರೆ, ನುಡಿ ಬೇರೆ. ಹಾರೈಕೆ ಮಾತ್ರ ಒಂದೇ.

ಈ ಆಚರಣೆಗೆ ಸೀಮೋಲ್ಲಂಘನವೆಂದು ಹೆಸರು. ಮಳೆಗಾಲ ಕಳೆದು, ಹೊಳೆಗಳ ನೆರೆ ಇಳಿದು, ದಾರಿಗಳು ಗಟ್ಟಿಯಾದ ಮೇಲೆ ಅರಸರು ಆಯುಧಪೂಜೆ ಮಾಡಿ ಪರರಾಜ್ಯದ ಮೇಲೆ ದಂಡೆತ್ತಿ ಹೊರಡುತ್ತಿದ್ದ ದಿನವದು. ಅರಸರು ಹೋದರು, ದಂಡುಗಳು ಕರಗಿದವು, ಹೆಸರು ಮಾತ್ರ ಉಳಿಯಿತು. ಕತ್ತಿ ಹಿಡಿದು ದಾಟುತ್ತಿದ್ದ ಎಲ್ಲೆಯನ್ನು ಜನಸಾಮಾನ್ಯರು ಬರಿಗೈಯಲ್ಲಿ ದಾಟಿ, ಒಂದು ಹಿಡಿ ಎಲೆ ತಂದು, ಅದನ್ನೇ ಬಂಗಾರವೆಂದು ಹಂಚಿಕೊಂಡರು. ಹೀಗೆ ಒಂದೇ ಶಬ್ದಕ್ಕೆ ಎರಡು ಅರ್ಥಗಳು ಕೂಡಿಕೊಂಡಿವೆ. ಎಲ್ಲೆಯನ್ನು ದಾಟುವುದು ಗೆಲ್ಲುವುದಕ್ಕಾಗಿಯೂ ಆಗಬಹುದು, ಕೊಟ್ಟುಕೊಳ್ಳುವುದಕ್ಕಾಗಿಯೂ ಆಗಬಹುದು.

ಕಳೆದ ವರ್ಷ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಒಂದು ಸಲಹೆ ಬಂದಿತು. ಗಡಿಯ ಆಚೆಗಿನ ಭಕ್ತರೊಡನೆ ಸಂಬಂಧವನ್ನು ಬಲಪಡಿಸಬೇಕು. ಅದಕ್ಕಾಗಿ ಅಲ್ಲಿಯ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾಗಬೇಕು, ವರ್ಷಕ್ಕೊಮ್ಮೆ ಕೂಡಿ ಯಾತ್ರೆ ಮಾಡಬೇಕು, ಹೊರನಾಡುಗಳಲ್ಲಿ ನೆಲೆಸಿದ ಶಿಷ್ಯರು ಸೇರಿ ಒಂದು ನಿಧಿಯನ್ನು ಹೂಡಬೇಕು ಎಂಬುದು ಅದರ ತಿರುಳು. ಸಭೆ ಚಪ್ಪಾಳೆ ತಟ್ಟಿತು. ಆದರೆ ಪ್ರಸಾದದ ಹೊತ್ತಿನಲ್ಲಿ ಇಬ್ಬರು ಬಂದು ಎರಡು ಪ್ರಶ್ನೆಗಳನ್ನು ಕೇಳಿದರು. ಒಬ್ಬರು, 'ಬುದ್ಧಿ, ನಮ್ಮ ಮಕ್ಕಳಿಗೇ ಇಲ್ಲಿ ಸಾಲದಿರುವಾಗ ಆಚೆಯವರಿಗೆ ಏಕೆ?' ಎಂದರು. ಇನ್ನೊಬ್ಬರು, 'ಮಾಡುವುದಾದರೆ ನಮ್ಮ ನುಡಿ, ನಮ್ಮ ಹೆಸರು ಅಲ್ಲಿ ನೆಲೆಗೊಳ್ಳುವಂತೆ ಮಾಡಬೇಕಲ್ಲವೆ?' ಎಂದರು. ಇಬ್ಬರೂ ಸಜ್ಜನರು, ಇಬ್ಬರೂ ಮಠಕ್ಕೆ ದುಡಿದವರು. ಅಂದು ನಾವು ನಕ್ಕು ಸುಮ್ಮನಾದೆವು. ಇಂದು ಈ ಪುಟಗಳಲ್ಲಿ ಉತ್ತರಿಸಲು ಯತ್ನಿಸುವೆವು. ಆ ಉತ್ತರದಲ್ಲಿ ನಮ್ಮದೇ ಒಂದು ತಪ್ಪಿನ ಒಪ್ಪಿಗೆಯೂ ಸೇರಿದೆ.

ಮೊದಲಿಗೆ ಒಂದು ಮಾತು. ಎಲ್ಲೆಯೆಂಬುದೇ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಹೊಲಕ್ಕೆ ಬದು ಬೇಕು. ಬದುವಿಲ್ಲದ ಹೊಲದಲ್ಲಿ ಮಣ್ಣು ನಿಲ್ಲದು, ನೀರು ಇಂಗದು. ಆದರೆ ಬದು ಇರುವುದು ಮಣ್ಣನ್ನು ಹಿಡಿಯಲೆಂದು, ಮನುಷ್ಯನನ್ನು ತಡೆಯಲೆಂದಲ್ಲ. ಅಕ್ಕಪಕ್ಕದ ಒಕ್ಕಲಿಗರು ಬುತ್ತಿ ಬಿಚ್ಚಿ ಕೂಡಿ ಉಣ್ಣುವುದು ಅದೇ ಬದುವಿನ ಮೇಲೆ. ಕೊಡಲಿ ಎತ್ತಿ ಬಡಿದಾಡುವುದೂ ಅದೇ ಬದುವಿನ ಮೇಲೆ. ಬದುವಿನ ಗುಣ ಅದರ ಮಣ್ಣಿನಲ್ಲಿಲ್ಲ, ಅದರ ಎರಡು ಬದಿಯ ಮನಸ್ಸುಗಳಲ್ಲಿದೆ.

1956ರ ನವೆಂಬರ್ 1ರಂದು ಭಾಷೆಗಳ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದುವು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಮೈಸೂರುಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರು ಒಂದೇ ಆಡಳಿತದ ಕೆಳಗೆ ಬಂದರು. ಇದು ಹಿರಿದಾದ ಭಾಗ್ಯವೇ ಸರಿ. ಆದರೆ ಒಂದೇ ಮನೆಯಲ್ಲಿ ಅತ್ತೆ ಮರಾಠಿಯನ್ನೂ ಸೊಸೆ ಕನ್ನಡವನ್ನೂ ಆಡುವ ಸೀಮೆಯಲ್ಲಿ ಎಂತಹ ಜಾಣನು ಗೆರೆ ಎಳೆದರೂ ಅದು ಯಾರದೋ ಅಂಗಳದ ನಡುವೆಯೇ ಹಾಯುವುದು. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ ಮರುವರ್ಷ ವರದಿ ಸಲ್ಲಿಸಿತು. 2004ರಲ್ಲಿ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಯಾವ ಊರು ಯಾವ ರಾಜ್ಯಕ್ಕೆಂಬುದನ್ನು ನಿರ್ಣಯಿಸುವುದು ನ್ಯಾಯಪೀಠದ ಮತ್ತು ಸಂಸತ್ತಿನ ಕಾರ್ಯ, ಅದು ಮಠದ ಕಾರ್ಯವಲ್ಲ. ನಮ್ಮನ್ನು ಕಾಡುವ ಪ್ರಶ್ನೆ ಬೇರೆ. 2022ರ ಡಿಸೆಂಬರಿನಲ್ಲಿ ಮತ್ತು 2025ರ ಫೆಬ್ರವರಿಯಲ್ಲಿ ಎರಡು ರಾಜ್ಯಗಳ ನಡುವೆ ಬಸ್ಸುಗಳ ಸಂಚಾರ ನಿಂತಿತು. ಅಂತಹ ದಿನ ಮೀರಜಿನ ಆಸ್ಪತ್ರೆಗೆ ಹೊರಟ ರೋಗಿಯೂ, ತವರಿಗೆ ಹೊರಟ ಬಸುರಿಯೂ ನಿಲ್ದಾಣದಲ್ಲಿಯೇ ಕುಳಿತುಬಿಡುವರು. ಅವರು ಯಾರವರು? ಅವರ ಹೊಣೆ ಯಾವ ರಾಜ್ಯದ್ದು? ಇದಕ್ಕೆ ಯಾವ ಆಯೋಗವೂ ಉತ್ತರ ಬರೆಯಲಾರದು. ನೆರೆಹೊರೆಯವರೇ ಬರೆಯಬೇಕು.

ಗೆರೆಯ ಎರಡೂ ಬದಿಯವರನ್ನು ಒಂದು ಬಳಗವಾಗಿ ಮಾಡಬಲ್ಲ ಸಾಧನಗಳಲ್ಲಿ ವಿದ್ಯೆ ಮೊದಲನೆಯದು. ಇದನ್ನು ನಾವು ಗ್ರಂಥಗಳಿಂದ ಕಲಿಯಲಿಲ್ಲ, ಜೀವನದಿಂದ ಕಲಿತೆವು. ನಮ್ಮ ಪೂರ್ವಾಶ್ರಮದ ಊರು ಅಕ್ಕಲಕೋಟೆ ತಾಲ್ಲೂಕಿನದು. ಮನೆಮಾತು ಕನ್ನಡ, ಸರ್ಕಾರ ಮಹಾರಾಷ್ಟ್ರದ್ದು. ಊರ ಶಾಲೆ ಕನ್ನಡ ಶಾಲೆ. ನಾವು ಕನ್ನಡದ ಅಕ್ಷರಗಳನ್ನು ತಿದ್ದಿದ 'ಬಾಲಭಾರತಿ'ಯೆಂಬ ಪುಸ್ತಕವನ್ನು ಅಚ್ಚು ಹಾಕಿಸಿ ಕಳುಹಿಸಿದ್ದು ಪುಣೆಯ ಪಠ್ಯಪುಸ್ತಕ ಮಂಡಲ. ಬಾಲಕರಾದ ನಮಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಮುಂದೆ ಸಂವಿಧಾನವನ್ನು ಓದುವಾಗ, 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಪ್ರತಿ ರಾಜ್ಯಕ್ಕೂ ಹೇಳಿರುವುದನ್ನು ಕಂಡೆವು. ರಾಜ್ಯಗಳನ್ನು ಬೇರ್ಪಡಿಸಿದ ವರ್ಷವೇ, ಬೇರ್ಪಟ್ಟಲ್ಲಿ ಉಳಿದುಹೋಗುವ ಮಗುವಿನ ನೆನಪೂ ಹಿರಿಯರಿಗಿತ್ತು. ಇತ್ತ ಕರ್ನಾಟಕ ಸರ್ಕಾರವೂ ಬೆಳಗಾವಿಯ ಕಡೆ ಮರಾಠಿ ಶಾಲೆಗಳನ್ನು ನಡೆಸುತ್ತಿದೆ, ಅವಕ್ಕೆ ಮರಾಠಿಯಲ್ಲಿ ಪುಸ್ತಕ ಮುದ್ರಿಸುತ್ತಿದೆ. ಪತ್ರಿಕೆಗಳು ಬಸ್ಸಿಗೆ ಬಿದ್ದ ಕಲ್ಲಿನ ಸುದ್ದಿಯನ್ನು ಬರೆಯುತ್ತವೆ. ಪರರ ನುಡಿಯ ಮಗುವಿಗಾಗಿ ಅಚ್ಚಾದ ಪುಸ್ತಕದ ಸುದ್ದಿಯನ್ನು ಯಾರೂ ಬರೆಯುವುದಿಲ್ಲ.

ಪ್ರೌಢಶಾಲೆಗೆಂದು ನಾವು ಸೊಲ್ಲಾಪುರಕ್ಕೆ ಹೋದಾಗ ನಮ್ಮ ಮರಾಠಿ ಹರಕುಮುರುಕಾಗಿತ್ತು. ಬಾಡಿಗೆಗಿದ್ದ ಮನೆಯ ಮರಾಠಿ ತಾಯಿ ಪ್ರತಿದಿನ ರೊಟ್ಟಿ ಕೊಡುವಾಗ ನಮ್ಮಿಂದ ಒಂದು ಮರಾಠಿ ವಾಕ್ಯ ಹೇಳಿಸುತ್ತಿದ್ದಳು. ಬದಲಿಗೆ ತಾನೊಂದು ಕನ್ನಡ ಮಾತನ್ನು ಕಲಿಯುತ್ತಿದ್ದಳು. ವರ್ಷ ಕಳೆಯುವುದರೊಳಗೆ ನಮ್ಮ ಮರಾಠಿ ತಿದ್ದಿಕೊಂಡಿತು. ಅವಳ ಕನ್ನಡ ಕೊನೆಯವರೆಗೂ ನಗೆ ಬರಿಸುವಂತೆಯೇ ಉಳಿಯಿತು. ಆ ತಾಯಿಯ ಋಣ ನಮ್ಮ ಮೇಲಿದೆ. ಮಹಾರಾಷ್ಟ್ರವೆಂದು ಯಾರಾದರೂ ಹಗುರವಾಗಿ ಆಡಿದಾಗ ನಮ್ಮ ಕಣ್ಣೆದುರು ಭೂಪಟ ಬರುವುದಿಲ್ಲ, ಆಕೆಯ ಕೈ ಬರುವುದು. ಗಡಿಯಾಚೆಯ ವಿದ್ಯೆಯ ನಿಜವಾದ ಫಲ ಇದೇ. ಪದವಿ ಪ್ರಮಾಣಪತ್ರಗಳು ಎಲ್ಲಿಯಾದರೂ ದೊರೆಯಬಹುದು. ಪರಸೀಮೆಯ ಒಬ್ಬರಿಗೆ ಋಣಿಯಾಗುವ ಭಾಗ್ಯವು ಅಲ್ಲಿಗೆ ಹೋಗಿ ಕಲಿತವನಿಗೆ ಮಾತ್ರ. ಕೊಲ್ಲಾಪುರದ ಶಾಹೂ ಮಹಾರಾಜರು 1901ರಿಂದ ಮೊದಲ್ಗೊಂಡು ಬೇರೆ ಬೇರೆ ಸಮಾಜಗಳ ವಿದ್ಯಾರ್ಥಿಗಳಿಗೆ ವಸತಿಗೃಹಗಳನ್ನು ತೆರೆಯಿಸಿದರು. ಲಿಂಗಾಯತ ಮಕ್ಕಳಿಗೂ ಅಲ್ಲಿ ನೆಲೆ ದೊರೆಯಿತು. ಮರಾಠಿ ಅರಸನ ಆಶ್ರಯದಲ್ಲಿ ಓದಿದವರ ಮೊಮ್ಮಕ್ಕಳು ಇಂದು ನಮ್ಮ ಭಕ್ತರಲ್ಲಿ ಇದ್ದಾರೆ. 'ಆಚೆಯವರಿಗೆ ಏಕೆ?' ಎಂಬ ಪ್ರಶ್ನೆಯನ್ನು ಆ ಅರಸನು ಕೇಳಿಕೊಂಡಿದ್ದರೆ ನಾವೆಲ್ಲಿರುತ್ತಿದ್ದೆವು?

ಎರಡನೆಯದು ಯಾತ್ರೆ. ಇಂದು ಪ್ರವಾಸವೆಂಬ ಮಾತು ಹೆಚ್ಚು ಬಳಕೆಯಲ್ಲಿದೆ. ಪ್ರವಾಸಿಯು ಹಣ ಕೊಟ್ಟು ಹೋಗುವನು. ಕೊಟ್ಟ ಹಣಕ್ಕೆ ತಕ್ಕ ಊಟ, ತಕ್ಕ ಕೋಣೆ, ತಕ್ಕ ನೋಟ ಬೇಕೆನ್ನುವನು. ಅವನು ಯಾರಿಗೂ ಋಣಿಯಲ್ಲ. ಆದುದರಿಂದಲೇ ಅವನು ಎಷ್ಟು ದೂರ ಹೋದರೂ ತನ್ನ ಮನೆಯ ಹೊಸ್ತಿಲನ್ನು ದಾಟಿದವನಲ್ಲ. ಯಾತ್ರಿಕನ ಸ್ಥಿತಿ ಬೇರೆ. ಯುಗಾದಿಯ ಮುಂಚಿನ ದಿನಗಳಲ್ಲಿ ಉತ್ತರ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಶ್ರೀಶೈಲಕ್ಕೆ ನಡೆದುಹೋಗುವ ಜನರನ್ನು ನೋಡಿರಿ. ನೂರಾರು ಕಿಲೋಮೀಟರು ದೂರ ಬಿಸಿಲಲ್ಲಿ ನಡೆದು, ಆತ್ಮಕೂರನ್ನು ಹಿಂದಿಕ್ಕಿ, ನಲ್ಲಮಲ ಕಾಡಿನೊಳಗೆ ನಾಗಲೂಟಿ, ಪೆಚ್ಚೆರುವುಗಳನ್ನು ಹಾಯ್ದು, ಕೈಲಾಸದ್ವಾರದ ಮೆಟ್ಟಿಲು ಹತ್ತುವರು. ದಾರಿಯುದ್ದಕ್ಕೂ ಅಂಬಲಿ, ಮಜ್ಜಿಗೆ, ಅನ್ನ ನೀಡುವವರಲ್ಲಿ ಕನ್ನಡಿಗರಿದ್ದಾರೆ, ತೆಲುಗರೂ ಇದ್ದಾರೆ. ಉಂಡವನು ಉಣಿಸಿದವನ ನುಡಿಯನ್ನು ಅರಿಯನು. 'ಮಲ್ಲಯ್ಯ' ಎಂಬ ಒಂದು ಶಬ್ದದಿಂದ ಇಬ್ಬರ ಮಾತುಕತೆಯೂ ಪೂರ್ಣವಾಗುವುದು.

ಅಲ್ಲಿಯ ಒಂದು ರೂಢಿ ನಮಗೆ ಬಹಳ ಅರ್ಥಪೂರ್ಣವಾಗಿ ಕಂಡಿದೆ. ಕನ್ನಡ ನಾಡಿನ ಭಕ್ತರು ಭ್ರಮರಾಂಬೆಯನ್ನು ತಮ್ಮ ಮನೆಮಗಳೆಂದು ಭಾವಿಸಿ, ಸೀರೆ, ಕುಪ್ಪಸ, ಅರಿಸಿನ ಕುಂಕುಮ ಒಯ್ಯುವರು. ಪರನಾಡಿನ ದೇವಿಯು ನಮಗೆ ಮಗಳಾದುದರಿಂದ ಆ ನಾಡು ನಮಗೆ ಬೀಗರ ನಾಡಾಯಿತು. ಮಗಳನ್ನು ಕೊಟ್ಟ ಮನೆಯ ಬಗೆಗೆ ಯಾವ ತಂದೆಯೂ ಹಗುರವಾಗಿ ಮಾತನಾಡಲಾರನು. ಇದೇ ರೀತಿ ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರ ಅಭಂಗವೊಂದು ಕರ್ನಾಟಕದವನೆಂದು ಕೊಂಡಾಡಿದೆ. ಮರಾಠಿಯ ಆದಿಸಂತರೊಬ್ಬರು ತಮ್ಮ ಆರಾಧ್ಯದೈವವನ್ನು ನೆರೆನಾಡಿನವನೆಂದು ಕರೆಯಲು ನಾಚಲಿಲ್ಲ. ಹಿಂದಿನವರು ದೇವರುಗಳ ಮೂಲಕವೇ ಬೀಗತನ ಬೆಳೆಸಿದರು. ನಾವು ಏರ್ಪಡಿಸುವ ಯಾತ್ರೆಯೂ ಹಾಗಿರಬೇಕು. ನಮ್ಮವರು ನಮ್ಮವರೊಡನೆಯೇ ಬಸ್ಸಿನಲ್ಲಿ ಕುಳಿತು, ನಮ್ಮ ಅಡಿಗೆಯವರ ಅಡಿಗೆಯನ್ನೇ ಉಂಡು ಮರಳುವುದಾದರೆ ಅದು ಪ್ರವಾಸವೇ ಹೊರತು ಯಾತ್ರೆಯಲ್ಲ. ಒಂದು ರಾತ್ರಿಯಾದರೂ ಪರನುಡಿಯವರ ಮನೆಯ ಜಗುಲಿಯಲ್ಲಿ ಮಲಗಿ, ಅವರು ನೀಡಿದ್ದನ್ನು ಉಣ್ಣಬೇಕು.

ಇವೆಲ್ಲ ಭಕ್ತಿಯ ಮಾತಾಯಿತು, ಲೋಕವ್ಯವಹಾರದಲ್ಲಿ ಇದು ನಡೆಯುವುದೆ ಎಂದು ಓದಿದ ಶಿಷ್ಯರು ಕೇಳಬಹುದು. ಅವರಿಗಾಗಿ ಯುರೋಪಿನ ಒಂದು ದೃಷ್ಟಾಂತವನ್ನು ಕೊಡುವೆವು. ಫ್ರಾನ್ಸ್ ಮತ್ತು ಜರ್ಮನಿಗಳ ನಡುವಿನ ಅಲ್ಸೇಸ್ ಪ್ರಾಂತ್ಯವು 1871ರಿಂದ 1945ರ ವರೆಗಿನ ಅವಧಿಯಲ್ಲಿ ನಾಲ್ಕು ಬಾರಿ ಕೈಬದಲಾಯಿತು. ದೀರ್ಘಾಯುವಾದ ಒಬ್ಬ ಅಜ್ಜಿ ತನ್ನ ಮನೆಯನ್ನು ಬಿಟ್ಟು ಕದಲದೆಯೇ ನಾಲ್ಕು ಸಲ ದೇಶ ಬದಲಿಸಬೇಕಾಯಿತು. ನಮ್ಮ ಗಡಿಯಲ್ಲಿ ಬಿದ್ದದ್ದು ಕಲ್ಲು. ಅಲ್ಲಿ ಲಕ್ಷಗಟ್ಟಲೆ ಹೆಣಗಳು ಬಿದ್ದುವು. ಅಂತಹ ವೈರದ ನಡುವೆ 1950ರ ಮೇ 9ರಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ರಾಬರ್ಟ್ ಶೂಮನ್, ಎರಡು ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆಯನ್ನು ಕೂಡು ಆಡಳಿತಕ್ಕೆ ಒಪ್ಪಿಸೋಣವೆಂದು ಸೂಚಿಸಿದರು. ಯುದ್ಧಕ್ಕೆ ಬೇಕಾದ ಮೂಲವಸ್ತುಗಳು ಅವೇ. ಅವು ಇಬ್ಬರ ಕೂಡುಸ್ವತ್ತಾದರೆ ಒಬ್ಬರ ಮೇಲೊಬ್ಬರು ತೋಪು ಎರಕ ಹೊಯ್ಯುವುದೆಂತು? 1951ರಲ್ಲಿ ಆರು ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದುವು. ಶೂಮನ್ನರು ಲಕ್ಸೆಂಬರ್ಗಿನಲ್ಲಿ ಜನಿಸಿ, ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ಓದಿ, ಫ್ರಾನ್ಸಿನಲ್ಲಿ ಮಂತ್ರಿಯಾದವರು. ಗಡಿಯ ನೋವನ್ನು ಗಡಿಯವನೇ ಬಲ್ಲ.

1963ರಲ್ಲಿ ಎರಡು ದೇಶಗಳ ನಡುವೆ ಮೈತ್ರಿಯ ಒಪ್ಪಂದವಾಗಿ, ಅದೇ ವರ್ಷ ಉಭಯ ದೇಶಗಳ ತರುಣರನ್ನು ಪರಸ್ಪರರ ಊರಿಗೆ ಕಳುಹಿಸುವ ಕಚೇರಿಯೊಂದು ಸ್ಥಾಪನೆಯಾಯಿತು. ಅಂದಿನಿಂದ ಲಕ್ಷಾಂತರ ತರುಣ ತರುಣಿಯರು ಹಾಗೆ ಹೋಗಿ ಬಂದಿದ್ದಾರೆ. 2006ರಲ್ಲಿ ಎರಡೂ ದೇಶಗಳ ಮಕ್ಕಳು ಓದಲೆಂದು ಒಂದೇ ಇತಿಹಾಸದ ಪಠ್ಯಪುಸ್ತಕ ಎರಡೂ ನುಡಿಗಳಲ್ಲಿ ಹೊರಬಂದಿತು. 2017ರಲ್ಲಿ ಸ್ಟ್ರಾಸ್‌ಬರ್ಗಿನ ಟ್ರಾಮ್ ಗಾಡಿ ರೈನ್ ನದಿಯನ್ನು ದಾಟಿ ಜರ್ಮನಿಯ ಕೇಲ್ ಪಟ್ಟಣಕ್ಕೆ ಹೋಯಿತು. ವಿದ್ಯೆ, ಯಾತ್ರೆ, ಕೂಡುಬಂಡವಾಳ ಈ ಮೂರನ್ನೂ ಅವರು ಒಟ್ಟಿಗೆ ನಡೆಸಿದರು. ಆದರೂ 2020ರ ಮಾರ್ಚಿನಲ್ಲಿ ಮಹಾಮಾರಿ ಬಂದಾಗ ಅದೇ ಸೇತುವೆಯ ಮೇಲೆ ಪುನಃ ತಡೆಗಳು ಬಿದ್ದುವು. ಎರಡು ತಲೆಮಾರುಗಳು ಕಟ್ಟಿದ ನೆರೆತನವೂ ಭಯದ ಒಂದೇ ವಾರದಲ್ಲಿ ಅಲುಗಬಲ್ಲುದು. ಒಮ್ಮೆ ಕಟ್ಟಿ ಬಿಟ್ಟರೆ ತಾನೇ ನಿಲ್ಲುವ ಗೋಡೆ ಇದಲ್ಲ. ಮಣ್ಣಿನ ಮನೆಯಂತೆ ಪ್ರತಿವರ್ಷ ಸಾರಿಸಬೇಕು.

ಇಲ್ಲಿಂದ ಮೂರನೆಯ ಸಾಧನಕ್ಕೆ ಬರುವೆವು. ಅದು ಸಮಾಜದ ಹಿತಕ್ಕಾಗಿ ಹೂಡುವ ಬಂಡವಾಳ. ನಮ್ಮ ನಾಡಿನಲ್ಲಿಯೂ ಇದಕ್ಕೆ ನಿದರ್ಶನಗಳಿವೆ. ದೂಧಗಂಗಾ ಯೋಜನೆಯು ಮಹಾರಾಷ್ಟ್ರ ಮತ್ತು ಕರ್ನಾಟಕಗಳ ಜಂಟಿ ಯೋಜನೆ. ಅಣೆಕಟ್ಟು ಕೊಲ್ಲಾಪುರ ಜಿಲ್ಲೆಯಲ್ಲಿದೆ, ಅದರ ನೀರಿನಲ್ಲಿ ಚಿಕ್ಕೋಡಿಯ ಕಡೆಯ ಒಕ್ಕಲಿಗನ ಪಾಲೂ ಇದೆ. ಅಲ್ಲಿ ಮಳೆಯಾಗಲೆಂದು ಇಲ್ಲಿಯವನು ಹಾರೈಸಲೇಬೇಕು. ಒಬ್ಬರ ಕ್ಷೇಮ ಇನ್ನೊಬ್ಬರ ಸ್ವಾರ್ಥವೂ ಆಗುವಂತೆ ಕಟ್ಟಿದ ಕಾರ್ಯವೇ ಗಟ್ಟಿಯಾದುದು.

ಆದರೆ ಎಲ್ಲಕ್ಕಿಂತ ಸೂಕ್ಷ್ಮವಾದ ಅಪಾಯ ಇರುವುದೂ ಈ ಮೂರನೆಯದರಲ್ಲಿಯೇ. ಕಲಿಯಲು ಹೋದವನು ಶಿಷ್ಯನಾಗುವನು, ಯಾತ್ರೆಗೆ ಹೋದವನು ಅತಿಥಿಯಾಗುವನು, ಹಣ ಒಯ್ದವನು ಒಡೆಯನಾಗಿಬಿಡುವನು. 'ನಮ್ಮ ಹೆಸರು ಅಲ್ಲಿ ನೆಲೆಗೊಳ್ಳಬೇಕಲ್ಲವೆ?' ಎಂದು ಕೇಳಿದ ಸಜ್ಜನರಿಗೆ ನಾವು ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆಯನ್ನು ನೆನಪಿಸಬಯಸುವೆವು. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಕನ್ನಡದಲ್ಲಿ ವಚನಗಳನ್ನು ನುಡಿದ ಆ ಶಿವಯೋಗಿಗಳನ್ನು ಇಂದಿಗೂ ಮರಾಠಿ, ಕನ್ನಡ, ತೆಲುಗು ನುಡಿಯುವ ಜನರೆಲ್ಲ ತಮ್ಮ ಗ್ರಾಮದೈವವೆಂದು ನಂಬಿ, ಸಂಕ್ರಾಂತಿಯ ಗದ್ದಗೆಯ ಜಾತ್ರೆಯಲ್ಲಿ ನಂದಿಧ್ವಜಗಳನ್ನು ಹೊತ್ತು ನಡೆಯುವರು. ಅವರು ಕೆರೆಯನ್ನು ತೋಡಿಸಿದರು, ಅರವಟ್ಟಿಗೆಗಳನ್ನಿಡಿಸಿದರು, ಸಾವಿರಾರು ಜನರನ್ನು ಲೋಕೋಪಕಾರದ ಕೆಲಸದಲ್ಲಿ ತೊಡಗಿಸಿದರು. ಅಂತಹ ಪುಣ್ಯಪುರುಷರ ಬಳಿಗೆ ಅಲ್ಲಮಪ್ರಭುಗಳು ಬಂದು ಹೊಗಳಲಿಲ್ಲ. ಮಣ್ಣು ಒಡ್ಡುವವನೆಂದು ಹಂಗಿಸಿದರೆಂದು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಕೆರೆಯಲ್ಲಿ ದೋಷವಿರಲಿಲ್ಲ. 'ನಾನು ಕಟ್ಟಿಸಿದೆ' ಎಂಬ ಎಳೆಯೊಂದು ಒಳಗೆ ಉಳಿದಿತ್ತು, ಅದನ್ನು ಪ್ರಭುಗಳು ಹಿಡಿದೆಳೆದರು. ಸಿದ್ಧರಾಮರು ಕೋಪವನ್ನು ನುಂಗಿ, ತಿಳಿವು ಪಡೆದು, ಪ್ರಭುಗಳೊಡನೆ ಕಲ್ಯಾಣಕ್ಕೆ ನಡೆದರು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೇ ಇದು. ದಾನದಲ್ಲಿ ಕೊಟ್ಟವನ ಹೆಸರು ಉಳಿಯುವುದು. ದಾಸೋಹದಲ್ಲಿ ಕೊಟ್ಟವನು ದಾಸನಾಗುವನು, ಉಂಡವನು ಜಂಗಮನಾಗುವನು. ಗಡಿಯಾಚೆ ನಾವು ಹೂಡುವ ಹಣವು ಪ್ರತಿಫಲವಾಗಿ ಅಲ್ಲಿಯ ಜನರ ನಿಷ್ಠೆಯನ್ನೋ, ಮತವನ್ನೋ, ನುಡಿಯನ್ನೋ ಬೇಡಿದರೆ ಅದು ಬನ್ನಿಯ ಎಲೆಯಲ್ಲ. ಹಳೆಯ ಕತ್ತಿಯೇ ಹೊಸ ಒರೆಯಲ್ಲಿ ಹೋದಂತಾಯಿತು.

ಇಷ್ಟನ್ನೂ ಬರೆಯುವ ಅಧಿಕಾರ ನಮಗಿದೆಯೆ ಎಂದು ನಾವೇ ಕೇಳಿಕೊಂಡಿದ್ದೇವೆ. ಮೇಲೆ ಹೇಳಿದ 2022ರ ಡಿಸೆಂಬರಿನಲ್ಲಿ, ಗಡಿಯ ಗಲಾಟೆ ಜೋರಾಗಿದ್ದ ವಾರದಲ್ಲಿಯೇ, ನಡೆದ ಸಂಗತಿಯಿದು. ನಮ್ಮ ಭಾಗದಲ್ಲಿ ಅದು ಕಬ್ಬು ಕಟಾವಿನ ಕಾಲ. ಮಹಾರಾಷ್ಟ್ರದ ಬರಗಾಲದ ತಾಲ್ಲೂಕುಗಳಿಂದ ಕಟಾವಿನ ಗ್ಯಾಂಗುಗಳು ದೀಪಾವಳಿಯ ಆಸುಪಾಸಿನಲ್ಲಿ ಬರುವುವು, ಬೇಸಿಗೆಯ ಹೊತ್ತಿಗೆ ಮರಳುವುವು. ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಒಂದು ಕೋಯ್ತಾ, ಎಂದರೆ ಒಂದು ಕುಡುಗೋಲು, ಎಂದು ಲೆಕ್ಕ ಹಿಡಿದು ಮುಕಾದಮನು ಮುಂಗಡ ಕೊಟ್ಟಿರುತ್ತಾನೆ. ಕುಡುಗೋಲಿನ ಲೆಕ್ಕದಲ್ಲಿ ಮಕ್ಕಳು ಬರುವುದಿಲ್ಲ. ಜೋಪಡಿಯಲ್ಲಿ ಬಿಟ್ಟುಬರುವ ಹಾಗೂ ಇಲ್ಲ. ಆದುದರಿಂದ ಅವೂ ಕಬ್ಬಿನ ಹೊಲದ ಬದುವಿನ ಮೇಲೆ ದಿನ ಕಳೆಯುವುವು. ಶಾಲೆಯ ಅರ್ಧ ವರ್ಷ ಹೀಗೆ ಕಳೆದುಹೋಗುವುದು.

ಒಂದು ಸಂಜೆ ಅಂತಹ ಒಬ್ಬ ತಂದೆ ಮಗನ ಕೈ ಹಿಡಿದುಕೊಂಡು ಮಠಕ್ಕೆ ಬಂದನು. ಹುಡುಗನಿಗೆ ಎಂಟು ಒಂಬತ್ತು ವರ್ಷವಿರಬಹುದು. ಕಂಕುಳಲ್ಲಿ ಚೀಲವಿತ್ತು, ಚೀಲದಿಂದ ಮರಾಠಿ 'ಬಾಲಭಾರತಿ' ಇಣುಕುತ್ತಿತ್ತು. 'ಮಹಾರಾಜ, ಪೋರಾಲಾ ಠೇವೂನ ಘ್ಯಾ. ಚಾರ ಮಹಿನೇ' ಎಂದನು ತಂದೆ. ಮಗನನ್ನು ಇಟ್ಟುಕೊಳ್ಳಿರಿ, ನಾಲ್ಕೇ ತಿಂಗಳು ಎಂಬುದು ಅವನ ಬೇಡಿಕೆ. ನಮ್ಮ ವ್ಯವಸ್ಥಾಪಕರು ಪಕ್ಕದಲ್ಲಿ ನಿಂತು ಮೆಲ್ಲನೆ ಹೇಳಿದರು: ಹೊತ್ತು ಸರಿಯಿಲ್ಲ, ಮರಾಠಿ ಹುಡುಗನನ್ನು ಇಟ್ಟುಕೊಂಡರೆ ಒಂದು ಕಡೆಯವರು ಕೇಳುವರು, ಅವನಿಗೆ ಏನಾದರೂ ಆದರೆ ಇನ್ನೊಂದು ಕಡೆಯವರು ಕೇಳುವರು, ಕಲಿಸಲು ಮರಾಠಿ ಮಾಸ್ತರರೂ ಇಲ್ಲ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ನಿರ್ಧಾರವು ಅವರದಲ್ಲ, ನಮ್ಮದು. ನಾವು ಆ ತಂದೆಗೆ ಅವನ ನುಡಿಯಲ್ಲಿಯೇ, ಸೊಲ್ಲಾಪುರದ ತಾಯಿ ಕಲಿಸಿದ ಅಚ್ಚ ಮರಾಠಿಯಲ್ಲಿ, ಎಂಟು ದಿನ ಬಿಟ್ಟು ಬನ್ನಿ ಎಂದೆವು. ಅವನು ಅಡ್ಡಬಿದ್ದು ಹೊರಟುಹೋದನು. ಹುಡುಗನು ಪ್ರಸಾದ ನಿಲಯದ ಮಕ್ಕಳು ಸಾಲಾಗಿ ಊಟಕ್ಕೆ ಕೂರುತ್ತಿದ್ದುದನ್ನು ತಿರುಗಿ ತಿರುಗಿ ನೋಡುತ್ತ ಹೋದನು.

ಎಂಟು ದಿನಗಳ ಮೇಲೆ ಅವರು ಬರಲಿಲ್ಲ. ಹತ್ತನೆಯ ದಿನ ನಾವೇ ಜನರನ್ನು ಕಳುಹಿಸಿದೆವು. ಆ ಗ್ಯಾಂಗು ಬೇರೆ ಕಾರ್ಖಾನೆಯ ಸೀಮೆಗೆ ಹೋಗಿತ್ತು. ಹೆಸರನ್ನೂ ನಾವು ಕೇಳಿ ಬರೆದುಕೊಂಡಿರಲಿಲ್ಲ.

ಬಸವಣ್ಣನವರ ಮಹಾಮನೆಯಲ್ಲಿ ಮರುಳಶಂಕರದೇವರೆಂಬ ಶರಣರು ಯಾರ ಕಣ್ಣಿಗೂ ಬೀಳದೆ ಬಹುಕಾಲವಿದ್ದರೆಂದು ಪರಂಪರೆ ಹೇಳುತ್ತದೆ. ಅವರು ಅಫಘಾನ ದೇಶದ ಕಡೆಯಿಂದ ಬಂದವರೆಂದು ನಂಬಿಕೆ. ಪ್ರಭುದೇವರು ಬೆರಳು ಮಾಡಿ ತೋರಿಸಿದಾಗ ಬಸವಣ್ಣನವರು ಪರಿತಪಿಸಿದರು. ಈ ಕಥೆಯನ್ನು ನಾವು ಪ್ರವಚನಗಳಲ್ಲಿ ಎಷ್ಟೋ ಬಾರಿ ಹೇಳಿದ್ದೇವೆ. ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯನವರನ್ನೂ, ಸೌರಾಷ್ಟ್ರದಿಂದ ಬಂದ ಆದಯ್ಯನವರನ್ನೂ ಹೆಸರಿಸಿ, ಕಲ್ಯಾಣಕ್ಕೆ ಎಲ್ಲೆಗಳಿರಲಿಲ್ಲವೆಂದು ಸಾರಿದ್ದೇವೆ. ಆದರೆ ಆ ಕಥೆಯ ಮುಳ್ಳು ಅಂದು ಸಂಜೆಯವರೆಗೆ ನಮ್ಮ ಕಾಲಿಗೆ ಚುಚ್ಚಿರಲಿಲ್ಲ. ಮಹಾಮನೆಯಲ್ಲಿ ಮರುಳಶಂಕರರಿಗೆ ಗುರುತು ಸಿಗಲಿಲ್ಲವಾದರೂ ಪ್ರಸಾದ ಸಿಕ್ಕಿತ್ತು. ನಮ್ಮ ಮನೆಯಲ್ಲಿ ಆ ಬಾಲಕನಿಗೆ ಒಂದು ಹೊತ್ತಿನ ಪ್ರಸಾದವೂ ಸಿಗಲಿಲ್ಲ. ನಾವು ಆ ಹುಡುಗನನ್ನು ದ್ವೇಷಿಸಲಿಲ್ಲ, ದ್ವೇಷಿಸುವವರಿಗೆ ಅಂಜಿದೆವು. ಗಡಿಗಳನ್ನು ಎತ್ತರಿಸುವುದು ಕೆಲವರ ದ್ವೇಷಕ್ಕಿಂತ ಹೆಚ್ಚಾಗಿ ನಮ್ಮಂತಹ ಹಲವರ ಅಂಜಿಕೆಯೆಂದು ಅಂದು ಅರಿವಾಯಿತು.

'ಆಚೆಯವರಿಗೆ ಏಕೆ?' ಎಂಬ ಮೊದಲ ಪ್ರಶ್ನೆಗೆ ನಮ್ಮ ಉತ್ತರ ಇದು. ಆಚೆಯವನು ಆಚೆಯಲ್ಲಿಯೇ ಇಲ್ಲ. ನಾವು ಚಹಕ್ಕೆ ಹಾಕಿಕೊಳ್ಳುವ ಸಕ್ಕರೆಯ ಕಬ್ಬನ್ನು ಕಡಿದವನು ಅವನೇ. ಅವನ ಬೆವರು ಈಗಾಗಲೇ ಎಲ್ಲೆಯನ್ನು ದಾಟಿ ನಮ್ಮ ಮನೆಯೊಳಗೆ ಬಂದಿದೆ. ಅವನ ಮಗನು ದಾಟಬಾರದೆ? ಕೊಡುವುದು ಔದಾರ್ಯವಲ್ಲ, ತೀರಿಸಬೇಕಾದ ಸಾಲ. ಸಾಲ ತೀರಿಸುವವನು ಹೆಸರಿನ ಫಲಕ ಕೇಳುವುದಿಲ್ಲ. ಆದುದರಿಂದ ಎರಡನೆಯ ಪ್ರಶ್ನೆಗೂ ಇದರಲ್ಲಿಯೇ ಉತ್ತರವಿದೆ.

ಮಠವು ಈಗ ಕೈಗೊಂಡಿರುವ ಕಾರ್ಯ ಚಿಕ್ಕದು. ಬರುವ ಕಟಾವಿನ ಕಾಲದಿಂದ ನಮ್ಮ ಪ್ರಸಾದ ನಿಲಯದಲ್ಲಿ ಕಟಾವಿನವರ ಹನ್ನೆರಡು ಮಕ್ಕಳಿಗೆ ಸ್ಥಳ ಕಾದಿರಿಸಲಾಗಿದೆ. ಕಾರ್ಖಾನೆಗಳ ಬಳಿ ಸಾಖರ್ ಶಾಲೆಗಳನ್ನು ನಡೆಸಿದ ಅನುಭವ ಮಹಾರಾಷ್ಟ್ರದ ಸೇವಾಸಂಸ್ಥೆಗಳಿಗಿದೆ. ಅದನ್ನು ನಾವು ಕೇಳಿ ಕಲಿಯಬೇಕು. ಮಕ್ಕಳು ತಮ್ಮ ಮರಾಠಿ ಪುಸ್ತಕಗಳನ್ನೇ ಓದುವರು. ಸಂಜೆ ನಮ್ಮ ಮಕ್ಕಳೊಡನೆ ಆಡುತ್ತ ಕನ್ನಡ ತಾನಾಗಿ ಬಂದರೆ ಬರಲಿ, ಬಾರದಿದ್ದರೆ ಒತ್ತಾಯವಿಲ್ಲ. ಲಿಂಗಪೂಜೆಯಾಗಲಿ, ಪ್ರಾರ್ಥನೆಯಾಗಲಿ ಅವರಿಗೆ ಕಡ್ಡಾಯವಲ್ಲ. ಊಟದ ಸಾಲು ಮಾತ್ರ ಒಂದೇ. ಪುಣೆ, ಸೊಲ್ಲಾಪುರ, ಮುಂಬಯಿಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಂದ ನಾವು ಹಣಕ್ಕಿಂತ ಮೊದಲು ಒಬ್ಬ ಮರಾಠಿ ಮಾಸ್ತರರನ್ನು ಬೇಡುತ್ತೇವೆ; ನಿವೃತ್ತರಾದರೂ ಆದೀತು, ನಾಲ್ಕು ತಿಂಗಳು ಮಕ್ಕಳೊಡನೆ ಇರಬಲ್ಲವರು ಬೇಕು. ಯಾತ್ರೆಗೆ ಹೆಸರು ಕೊಟ್ಟವರು ಈ ವರ್ಷ ಆ ಮಕ್ಕಳ ಊರುಗಳಿಗೇ ಹೋಗಿ, ಒಂದು ರಾತ್ರಿ ಅವರ ಮನೆಯಲ್ಲಿ ತಂಗಿ ಬರಲಿ. ಆ ಊರುಗಳಲ್ಲಿ ನೋಡತಕ್ಕ ದೇವಾಲಯ ಇರಲಿಕ್ಕಿಲ್ಲ, ನೀರೂ ಕಡಿಮೆ. ಅವರು ಕೊಟ್ಟ ಒಂದು ತಂಬಿಗೆ ನೀರಿನ ಬೆಲೆಯನ್ನು ಅರಿತು ಬಂದವನು ಯಾತ್ರೆ ಮಾಡಿದವನು.

ಈ ಕಾರ್ಯದಿಂದ ವ್ಯಾಜ್ಯ ತೀರದು, ಭೂಪಟ ಬದಲಾಗದು. ಮುಂದೊಂದು ದಿನ ಬಸ್ಸುಗಳು ಪುನಃ ನಿಲ್ಲಲೂಬಹುದು. ಅಂದು ನಿಲ್ದಾಣದಲ್ಲಿ ಸಿಕ್ಕಿಬಿದ್ದವನಿಗೆ, ಈ ಊರಿನಲ್ಲಿ ನಾನು ಉಂಡ ಮನೆಯೊಂದಿದೆ ಎಂದು ನೆನಪಾದರೆ, ಆ ಮನೆಯ ಬಾಗಿಲು ತೆರೆದಿದ್ದರೆ, ಅಷ್ಟು ಸಾಕು.

ಬರುವ ವಿಜಯದಶಮಿಗೆ ಬನ್ನಿ ಕೊಡಲು ಭಕ್ತರು ಮಠಕ್ಕೆ ಬರುವರು; ಎಲ್ಲರಿಗೂ ಸ್ವಾಗತ. ಆದರೆ ಆ ಸಂಜೆ ನಾವು ಗದ್ದುಗೆಯಲ್ಲಿ ಇರುವುದಿಲ್ಲ. ದೀಪಾವಳಿಗೆ ಮುಂಚಿತವಾಗಿಯೇ ಬಂದಿಳಿಯುವ ಗ್ಯಾಂಗುಗಳು ಕೆಲವಿರುತ್ತವೆ. ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಅವರ ಜೋಪಡಿಗಳು ಏಳುತ್ತಿರುತ್ತವೆ. ಬನ್ನಿಯನ್ನು ನಾವು ಅಲ್ಲಿಗೆ ಒಯ್ಯುವೆವು. ಜೊತೆಯಲ್ಲಿ ಒಂದು ವಹಿಯನ್ನೂ ಒಯ್ಯುವೆವು. ಈ ಸಲ ಹೆಸರುಗಳನ್ನು ಬರೆದುಕೊಳ್ಳಬೇಕಾಗಿದೆ.